ಇಲ್ಲದ ಹಣ, ಇದ್ದ ಕಣ್ಣು

ನಮ್ಮ ಕಾಲೇಜಿನ ಸಾಹಿತ್ಯ ಸಂಘದವರು ಈ ವರ್ಷ ‘ಪಥೇರ್ ಪಾಂಚಾಲಿ’ ಚಿತ್ರವನ್ನು ತೋರಿಸುವ ಏರ್ಪಾಡು ಮಾಡಿದ್ದರು. ಸಭಾಂಗಣದ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ, ಹಳೆಯ ಫ್ಯಾನುಗಳ ಗರಗರ ಸದ್ದಿನ ನಡುವೆ, ತಮ್ಮ ಅಜ್ಜಂದಿರ ಕಾಲದ ಒಂದು ಬಂಗಾಳಿ ಚಿತ್ರವನ್ನು ಹದಿನೆಂಟು ಹತ್ತೊಂಬತ್ತು ವಯಸ್ಸಿನ ಹುಡುಗ ಹುಡುಗಿಯರು ಎರಡು ಗಂಟೆಗಳ ಕಾಲ ಅಲುಗದೆ ನೋಡಿದರು. ಪಾಠ ಹೇಳುವಾಗ ನನಗೆ ಅಂಥ ಭಾಗ್ಯ ಎಂದೂ ಒದಗಿದ್ದಿಲ್ಲ. ಚಿತ್ರ ಮುಗಿದ ಮೇಲೆ ಅತಿಥಿಗಳು ಎದ್ದು ನಿಂತು ಒಂದು ಮಾತು ಹೇಳಿದರು: ಹಣವಿಲ್ಲದಿದ್ದುದೇ ಈ ಚಿತ್ರದ ಪುಣ್ಯ, ಕೈತುಂಬ ಹಣವಿದ್ದಿದ್ದರೆ ಇಂಥ ಕೃತಿ ಹುಟ್ಟುತ್ತಲೇ ಇರಲಿಲ್ಲ. ಹುಡುಗರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಹೊರಗೆ ಬರುವಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಜೊತೆಗೂಡಿದ. ತನ್ನ ಊರಿನಲ್ಲಿ ಒಂದು ಚಿತ್ರ ತೆಗೆಯಲು ಹೊರಟಿದ್ದಾನೆ. ಕ್ಯಾಮರಾ ಗೆಳೆಯನದು, ಮನೆ ಸೋದರಮಾವನದು, ನಟರು ಊರಿನವರೇ. ದೀಪ ಹಿಡಿಯುವುದಕ್ಕೆ ಮರಗೆಲಸದ ಹುಡುಗನೊಬ್ಬನನ್ನು ಕರೆತಂದಿದ್ದನಂತೆ. ಹದಿನೈದು ದಿನ ದುಡಿದ ಮೇಲೆ ಅವನು ಕೂಲಿ ಕೇಳಿದನಂತೆ. “ಅತಿಥಿಗಳು ಹೇಳಿದ್ದು ಕೇಳಿದಿರಲ್ಲ ಸಾರ್, ಸತ್ಯಜಿತ್ ರಾಯ್ ಅವರೂ ಹೀಗೇ ಅಲ್ಲವೆ ಮಾಡಿದ್ದು? ಇದನ್ನು ಅವನಿಗೆ ಹೇಗೆ ಅರ್ಥಮಾಡಿಸಲಿ?” ಎಂದು ಕೇಳಿದ. ಅವನ ಮುಖದಲ್ಲಿ ಉತ್ಸಾಹವಿತ್ತು. ನನಗೆ ಮಾತ್ರ ಆಗ ತಟ್ಟಿದ ಚಪ್ಪಾಳೆ ಕೈಯಲ್ಲಿ ಚುರುಗುಟ್ಟಿತು. ಅತಿಥಿಗಳ ಮಾತು ಸುಳ್ಳಲ್ಲ. ಆದರೆ ಅದು ಪೂರ್ತಿ ನಿಜವೂ ಅಲ್ಲ. ಅರ್ಧ ನಿಜ ಕೆಲವೊಮ್ಮೆ ಸುಳ್ಳಿಗಿಂತ ಹೆಚ್ಚು ಕೆಡುಕು ಮಾಡುತ್ತದೆ.

ಮೊದಲು ನಡೆದುದೇನೆಂಬುದನ್ನು ನೋಡೋಣ. ಸತ್ಯಜಿತ್ ರಾಯ್ ಕಲ್ಕತ್ತೆಯ ಒಂದು ಬ್ರಿಟಿಷ್ ಜಾಹೀರಾತು ಸಂಸ್ಥೆಯಲ್ಲಿ ಚಿತ್ರಕಾರರಾಗಿದ್ದರು. ಬಿಭೂತಿಭೂಷಣ ಬಂದ್ಯೋಪಾಧ್ಯಾಯರ ಕಾದಂಬರಿಯ ಸಂಕ್ಷಿಪ್ತ ಆವೃತ್ತಿಯೊಂದಕ್ಕೆ ಚಿತ್ರಗಳನ್ನು ಬರೆಯುವಾಗಲೇ ಇದನ್ನು ತೆರೆಗೆ ತರಬೇಕೆಂಬ ಆಸೆ ಅವರಲ್ಲಿ ಮೊಳೆತಿತ್ತು. ೧೯೫೦ರಲ್ಲಿ ಕಚೇರಿಯ ಕೆಲಸದ ಮೇಲೆ ಲಂಡನ್ನಿಗೆ ಹೋದಾಗ ಇಟಲಿಯ ಡಿ ಸಿಕಾ ನಿರ್ದೇಶಿಸಿದ ‘ಬೈಸಿಕಲ್ ಥೀವ್ಸ್’ ನೋಡಿದರು. ಸ್ಟುಡಿಯೋ ಬಿಟ್ಟು ಬೀದಿಗಿಳಿದು, ನಟನೆಯ ಕಸಬಿನವರಲ್ಲದ ಮುಖಗಳನ್ನಿಟ್ಟುಕೊಂಡು ಚಿತ್ರ ತೆಗೆಯಬಹುದೆಂಬ ಧೈರ್ಯ ಅಲ್ಲಿಂದ ಬಂದಿತು. ೧೯೫೨ರ ಅಕ್ಟೋಬರಿನಲ್ಲಿ ಚಿತ್ರೀಕರಣ ಆರಂಭವಾಯಿತು. ಚಿತ್ರ ತೆರೆಕಂಡದ್ದು ೧೯೫೫ರಲ್ಲಿ. ನಡುವಿನ ಕಾಲವೆಲ್ಲ ಹಣಕ್ಕಾಗಿ ಅಲೆದಾಟ. ವಿಮಾಪತ್ರದ ಮೇಲೆ ಸಾಲ ಬಂತು. ಪುಸ್ತಕಗಳು, ಗ್ರಾಮಫೋನ್ ತಟ್ಟೆಗಳು ಹೋದವು. ಪತ್ನಿ ಬಿಜೊಯಾ ಅವರ ಒಡವೆಗಳು ಅಡವಿಗೆ ಹೋದವು. ಮುಂದೆ ಬಂದ ನಿರ್ಮಾಪಕರೊಬ್ಬರು ನಡುವೆಯೇ ಕೈಚೆಲ್ಲಿದರು. ತಿಂಗಳುಗಟ್ಟಲೆ ಕೆಲಸ ನಿಂತುಹೋಯಿತು. ಕಡೆಗೆ ಮುಖ್ಯಮಂತ್ರಿ ಬಿಧಾನ್‌ಚಂದ್ರ ರಾಯ್ ಅವರ ಪಶ್ಚಿಮ ಬಂಗಾಳ ಸರ್ಕಾರ ಹಣ ಕೊಟ್ಟಿತು. ಹೆಸರಿನಲ್ಲಿ ‘ಪಥ’ ಇದ್ದುದರಿಂದಲೋ ಏನೋ, ಲೆಕ್ಕದ ಪುಸ್ತಕದಲ್ಲಿ ಅದು ರಸ್ತೆ ಸುಧಾರಣೆಯ ಬಾಬಿಗೆ ಸೇರಿತು! ನಮ್ಮ ಸರ್ಕಾರಗಳು ರಸ್ತೆಗೆಂದು ಮಾಡಿದ ವೆಚ್ಚಗಳಲ್ಲಿ ಇಷ್ಟು ಕಾಲ ಬಾಳಿದ್ದು ಇನ್ನೊಂದಿರಲಾರದು.

ಈ ಕಥೆ ಅನೇಕರಿಗೆ ಗೊತ್ತು. ಗೊತ್ತಿರುವುದೇ ತೊಂದರೆ. ಕಷ್ಟಪಟ್ಟು ಮೇಲೆ ಬಂದವರ ಚರಿತ್ರೆಯನ್ನು ಕೇಳಿ ಕೇಳಿ, ಕಷ್ಟವೇ ಅವರನ್ನು ಮೇಲಕ್ಕೆ ಎತ್ತಿತೆಂದು ನಂಬುವುದು ನಮಗೆ ರೂಢಿಯಾಗಿಹೋಗಿದೆ. ಆದ್ದರಿಂದ ಚಿತ್ರದ ಒಂದೆರಡು ಸನ್ನಿವೇಶಗಳನ್ನು ಕೈಯಲ್ಲಿ ಹಿಡಿದು, ಇಲ್ಲಿ ಹಣದ ಅಭಾವ ಮಾಡಿದ್ದೇನು, ಮಾಡದ್ದೇನು ಎಂದು ವಿಂಗಡಿಸುವುದು ಲೇಸು.

ಮೊದಲ ದಿನ ಚಿತ್ರಿಸಿದ್ದು ಕಾಶದ ಬಯಲನ್ನು. ನಮ್ಮ ಕವಿಗಳು ಶರದೃತುವಿನ ವರ್ಣನೆಗೆ ಹೊರಟರೆ ಬಿಡದೆ ತರುತ್ತಿದ್ದ ಆ ಬೆಳ್ಳನೆಯ ತೆನೆಯ ಹುಲ್ಲಿನ ನಡುವೆ ದುರ್ಗೆ ಮತ್ತು ಅಪು ನಡೆಯುತ್ತಾರೆ. ತಂತಿಕಂಬಕ್ಕೆ ಕಿವಿಗೊಟ್ಟು ಅದರ ಗುಂಯ್‌ಗುಡುವ ದನಿಯನ್ನು ಕೇಳುತ್ತಾರೆ. ದೂರದಲ್ಲಿ ಕಪ್ಪು ಹೊಗೆ ಬಿಡುತ್ತ ರೈಲು ಬರುತ್ತದೆ. ರಾಯ್ ಇನ್ನೂ ನೌಕರಿಯಲ್ಲಿದ್ದುದರಿಂದ ರಜೆಯ ದಿನಗಳಲ್ಲಿ ಮಾತ್ರ ಕೆಲಸ. ಒಂದು ದಿನ ಅರ್ಧ ಸನ್ನಿವೇಶವನ್ನು ತೆಗೆದು, ಮುಂದಿನ ವಾರ ಹೋಗಿ ನೋಡಿದರೆ ಬಯಲು ಬೋಳಾಗಿತ್ತು. ದನಗಳು ಅಷ್ಟನ್ನೂ ಮೇದುಬಿಟ್ಟಿದ್ದವು! ಹಣವಿದ್ದವನು ಏನು ಮಾಡುತ್ತಿದ್ದ? ಬೇರೊಂದು ಕಡೆ ಬಯಲು ಹುಡುಕಿಸುತ್ತಿದ್ದ, ಇಲ್ಲವೆ ಲಾರಿಯಲ್ಲಿ ಹುಲ್ಲು ತರಿಸಿ ನೆಡಿಸುತ್ತಿದ್ದ. ಇವರು ಮರುವರ್ಷದ ಶರತ್ಕಾಲ ಬರುವವರೆಗೆ ಕಾದರು.

ಆ ಕಾಯುವಿಕೆಯಿಂದ ಏನು ಬಂತು? ಛಾಯಾಗ್ರಾಹಕ ಸುಬ್ರತ ಮಿತ್ರ ಇಪ್ಪತ್ತೊಂದು ವರ್ಷದ ಹುಡುಗ. ಅದಕ್ಕೆ ಮುಂಚೆ ಚಲಚ್ಚಿತ್ರದ ಕ್ಯಾಮರಾ ನಡೆಸಿದವನೇ ಅಲ್ಲ. ನಿರ್ದೇಶಕನಿಗೂ ಮೊದಲ ಚಿತ್ರ. ಚಿತ್ರೀಕರಣ ಬಹುಮಟ್ಟಿಗೆ ಕಥಾಕ್ರಮದಲ್ಲೇ ನಡೆದುದರಿಂದ ಇವರ ಕಲಿಕೆಯೂ ತೆರೆಯ ಮೇಲೆ ಕಾಣಿಸುತ್ತದೆ. ಆರಂಭದ ಕೆಲವು ದೃಶ್ಯಗಳಲ್ಲಿ ಒಂದಕ್ಕೊಂದು ಕೂಡುವ ಕಡೆ ತುಸು ಎಡರಿದಂತಿರುವ ನಡೆ, ದುರ್ಗೆ ಬೆಳೆದ ಮೇಲಿನ ಭಾಗಕ್ಕೆ ಬಂದಾಗ ಹದಗೊಂಡಿರುತ್ತದೆ. ಇದನ್ನು ಹಣದ ಅಭಾವ ಕೊಟ್ಟ ವರವೆನ್ನಬೇಕೆ? ನನ್ನ ಮಟ್ಟಿಗೆ, ಅಭಾವ ಕೊಟ್ಟದ್ದು ಬಿಡುವನ್ನು ಮಾತ್ರ. ಬಿಡುವಿನಲ್ಲಿ ಕಲಿತದ್ದು ಅವರ ಸ್ವಂತ ಸಂಪಾದನೆ. ಅದೇ ಬಿಡುವಿನಲ್ಲಿ ಬೇಸತ್ತು ಕೆಲಸ ಬಿಟ್ಟಿದ್ದರೂ ಯಾರೂ ಅವರನ್ನು ತಪ್ಪೆನ್ನುವಂತಿರಲಿಲ್ಲ.

ಕಾಯುವುದರಲ್ಲಿ ಇನ್ನೊಂದು ಅಪಾಯವಿತ್ತು. ಮೂರು ಸಂಗತಿಗಳು ನಡೆಯದೆ ಹೋದದ್ದರಿಂದ ಚಿತ್ರ ಉಳಿಯಿತೆಂದು ರಾಯ್ ಅವರೇ ಹೇಳಿಕೊಂಡಿದ್ದಾರೆ: ಅಪುವಿನ ಧ್ವನಿ ಒಡೆಯಲಿಲ್ಲ, ದುರ್ಗೆ ದೊಡ್ಡವಳಾಗಿ ಕಾಣಲಿಲ್ಲ, ಎಂಬತ್ತರ ಮುದುಕಿ ಚುನೀಬಾಲಾ ದೇವಿ ಸಾಯಲಿಲ್ಲ. ಇದನ್ನು ಯೋಜನೆ ಎನ್ನುವಂತಿಲ್ಲ, ಅದೃಷ್ಟ. ಅದೃಷ್ಟವನ್ನು ಶಾಸ್ತ್ರವಾಗಿ ಬೋಧಿಸಲು ಬರುವುದಿಲ್ಲ. ಹೀಗಿದ್ದೂ ಮಿಠಾಯಿ ಮಾರುವವನ ಪಾತ್ರಧಾರಿ ನಡುವೆಯೇ ತೀರಿಕೊಂಡ. ಅವನ ಹಿಂದೆ ಓಡುವ ನಾಯಿಯೂ ಸತ್ತಿತು. ಬೇರೊಬ್ಬನನ್ನು ಬೆನ್ನು ಮಾತ್ರ ಕಾಣುವಂತೆ ನಡೆಸಿ, ಬೇರೊಂದು ನಾಯಿಯನ್ನು ತಂದು ದೃಶ್ಯವನ್ನು ಪೂರೈಸಿದರು. ಕಾವಡಿ ಹೊತ್ತ ಮಿಠಾಯಿಯವ ಮುಂದೆ, ಕೊಳ್ಳಲು ಕಾಸಿಲ್ಲದ ಅಕ್ಕ ತಮ್ಮ ಹಿಂದೆ, ಅವರ ಹಿಂದೆ ನಾಯಿ; ಈ ಮೆರವಣಿಗೆಯೆಲ್ಲ ಕೆರೆಯ ನೀರಿನಲ್ಲಿ ತಲೆಕೆಳಗಾಗಿ ಸಾಗುತ್ತದೆ. ಸಭಾಂಗಣದಲ್ಲಿ ಹುಡುಗರು ನಕ್ಕದ್ದು ಇಲ್ಲಿ. ಹಸಿವನ್ನು ಹೀಗೆ ನಗಿಸಿ ತೋರಿಸುವುದಕ್ಕೆ ಯಾವ ವೆಚ್ಚವೂ ಇಲ್ಲ, ನಿಜ. ಆದರೆ ಕೆರೆಯ ದಂಡೆಯಲ್ಲಿ ನಿಂತು ಜನರನ್ನು ಬಿಟ್ಟು ನೀರನ್ನು ನೋಡಬೇಕೆಂದು ಯಾರಿಗಾದರೂ ಹೊಳೆಯಬೇಕಲ್ಲ!

ಇನ್ನು ಮಳೆಯ ಸನ್ನಿವೇಶ. ದುರ್ಗೆ ಕೂದಲು ಬಿಚ್ಚಿಕೊಂಡು ಮೊದಲ ಮಳೆಯಲ್ಲಿ ಗಿರ್ರನೆ ತಿರುಗುತ್ತಾಳೆ. ಅಪು ಮರದ ಕೆಳಗೆ ನಡುಗುತ್ತ ಕುಳಿತಿರುತ್ತಾನೆ. ಅಕ್ಕ ಬಂದು ಸೆರಗಿನಲ್ಲಿ ಅವನನ್ನು ಮುಚ್ಚಿಕೊಳ್ಳುತ್ತಾಳೆ. ಈ ಮಳೆಯೇ ಅವಳಿಗೆ ಜ್ವರವನ್ನೂ ಮರಣವನ್ನೂ ತರುವುದು. ವಾಸ್ತವವಾಗಿ ಆ ವರ್ಷದ ಮುಂಗಾರು ಬಂದು ಹೋಗುವವರೆಗೆ ಹಣ ಕೈಸೇರಲಿಲ್ಲ. ಅಕ್ಟೋಬರಿನಲ್ಲಿ, ಬಿಳಿಯ ಮೋಡಗಳನ್ನು ನೋಡುತ್ತ, ಮಕ್ಕಳನ್ನೂ ಕ್ಯಾಮರಾವನ್ನೂ ಇಟ್ಟುಕೊಂಡು ದಿನದಿನವೂ ಕಾದರು. ಒಂದು ದಿನ ಅಕಾಲದ ಮಳೆ ಧೋ ಎಂದು ಸುರಿಯಿತು. ಆ ಹುಡುಗ ನಡುಗಿದ್ದು ನಟನೆಯಾಗಿರಲಿಲ್ಲ; ಬಿಸಿ ಹಾಲಿಗೆ ಬ್ರಾಂದಿ ಬೆರೆಸಿ ಕುಡಿಸಿ ಮಕ್ಕಳನ್ನು ಬೆಚ್ಚಗೆ ಮಾಡಬೇಕಾಯಿತು.

ನಾನು ಈ ದೃಶ್ಯವನ್ನು ಎಷ್ಟು ಸಲ ನೋಡಿದ್ದೇನೆಯೋ ಲೆಕ್ಕವಿಲ್ಲ. ಈ ಹಿನ್ನೆಲೆ ತಿಳಿದ ಮೇಲೆ ಮಾತ್ರ ಅದನ್ನು ಮೊದಲಿನಂತೆ ನೋಡಲಾಗುವುದಿಲ್ಲ. ಹಣ ತಡವಾದದ್ದರ ಬೆಲೆಯನ್ನು ಅಲ್ಲಿ ತೆತ್ತವರು ಇಬ್ಬರು ಮಕ್ಕಳು. ರಾಯ್ ಇದನ್ನು ಮುಚ್ಚಿಡಲಿಲ್ಲ. ಅವರೇ ಬರೆದುದರಿಂದ ನಮಗೆ ತಿಳಿದಿದೆ. ಆದರೆ ‘ಅಭಾವದಿಂದ ಕಲೆ’ ಎಂದು ಭಾಷಣ ಮಾಡುವವರ ಲೆಕ್ಕದಲ್ಲಿ ಆ ನಡುಕ ಎಲ್ಲಿಯೂ ನಮೂದಾಗುವುದಿಲ್ಲ. ಒಡವೆ ಕೊಟ್ಟ ಹೆಂಗಸಿನ ಹೆಸರು ಒಂದು ವಾಕ್ಯದಲ್ಲಿ ಬಂದು ಹೋಗುತ್ತದೆ, ಅಷ್ಟೆ. ಚುನೀಬಾಲಾ ದೇವಿಗೆ ದಿನಕ್ಕೆ ೨೦ ರೂಪಾಯಿ ಗೊತ್ತುಮಾಡಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಕೈಯಲ್ಲಿ ಕಾಸಿಲ್ಲದ ಆ ತಂಡವೂ ಮುದುಕಿಯ ದಿನದ ಸಂಬಳವೊಂದನ್ನು ಲೆಕ್ಕದಲ್ಲಿ ಬರೆದುಕೊಂಡಿತ್ತು. ಚಿತ್ರ ಸಾರ್ವಜನಿಕರ ಮುಂದೆ ಬರುವ ಮೊದಲೇ ಆಕೆ ತೀರಿಕೊಂಡರು.

ಇನ್ನೊಂದು ಪಕ್ಷವಿದೆ. ಈ ಚಿತ್ರದ ಅತ್ಯುತ್ತಮ ಗುಣಗಳಲ್ಲಿ ಕೆಲವಕ್ಕೆ ಹಣದೊಡನೆ ಯಾವ ಸಂಬಂಧವೂ ಇಲ್ಲ. ಹರಿಹರ ಊರಿಗೆ ಮರಳಿ, ಮಗಳಿಗೆಂದು ತಂದ ಸೀರೆಯನ್ನು ತೆಗೆದು ಹೆಂಡತಿಯ ಕೈಯಲ್ಲಿಡುತ್ತಾನೆ. ಸರ್ಬಜಯಾ ಬಾಯಿ ತೆರೆದು ಅಳುತ್ತಾಳೆ. ನಮಗೆ ಕೇಳಿಸುವುದು ಅವಳ ದನಿಯಲ್ಲ, ತಾರಸ್ಥಾಯಿಯಲ್ಲಿ ಚೀರುವ ತಾರ್‌ಶಹನಾಯಿ. ಕರುಣಾ ಬ್ಯಾನರ್ಜಿಯವರು ಅಳಲಾರದ ನಟಿಯಾಗಿರಲಿಲ್ಲ. ಅಳುವನ್ನು ಧ್ವನಿಮುದ್ರಿಸಲು ಹೆಚ್ಚಿನ ಖರ್ಚೂ ಇರಲಿಲ್ಲ. ಶೋಕವನ್ನು ವಾಚ್ಯವಾಗಿಸದೆ ಧ್ವನಿಸಬೇಕೆಂಬ ವಿವೇಕ ಅದು. ಆನಂದವರ್ಧನನನ್ನು ಓದಿದವರಿಗೆ ಹೆಚ್ಚು ವಿವರಣೆ ಬೇಡ. ರವಿಶಂಕರ್ ಅವರು ಸುಮಾರು ಹನ್ನೊಂದು ಗಂಟೆಗಳ ಒಂದೇ ಬೈಠಕ್ಕಿನಲ್ಲಿ ಸಂಗೀತವನ್ನೆಲ್ಲ ಮುಗಿಸಿಕೊಟ್ಟರೆಂಬುದು ಬಿಡುವಿಲ್ಲದ ಅವಸರದ ಫಲ. ಆದರೆ ಎಲ್ಲಿ ಮಾತು ನಿಲ್ಲಬೇಕು, ಎಲ್ಲಿ ವಾದ್ಯ ಬರಬೇಕೆಂಬುದು ಅವಸರದಿಂದ ಬಂದದ್ದಲ್ಲ. ‘ಬೈಸಿಕಲ್ ಥೀವ್ಸ್’ ಚಿತ್ರಕ್ಕೂ ಈ ಮಾತು ಸಲ್ಲುತ್ತದೆ. ಅಮೆರಿಕದ ನಿರ್ಮಾಪಕ ಸೆಲ್ಜ್‌ನಿಕ್ ಹಣ ಹಾಕಲು ಮುಂದೆ ಬಂದಿದ್ದ, ನಾಯಕನ ಪಾತ್ರಕ್ಕೆ ಹಾಲಿವುಡ್ಡಿನ ಕ್ಯಾರಿ ಗ್ರಾಂಟ್ ಆಗಬೇಕೆಂಬ ಷರತ್ತಿನೊಡನೆ. ಡಿ ಸಿಕಾ ಒಲ್ಲೆನೆಂದು ಒಬ್ಬ ಕಾರ್ಖಾನೆಯ ಕೆಲಸಗಾರನನ್ನು ತಂದು ನಿಲ್ಲಿಸಿದ. ಹಣ ಬಾಗಿಲಿಗೆ ಬಂದಿತ್ತು, ಒಳಗೆ ಬಿಡಲಿಲ್ಲ. ಅದನ್ನು ಅಭಾವವೆಂದು ಕರೆಯುವುದು ಹೇಗೆ?

ಹಾಗಾದರೆ ಅಭಾವಕ್ಕೂ ಸೃಷ್ಟಿಗೂ ನಂಟೇ ಇಲ್ಲವೆ? ಇದೆ. ನನಗೆ ತೋರುವಂತೆ ಅದು ಔಚಿತ್ಯದ ನಂಟು. ‘ಪಥೇರ್ ಪಾಂಚಾಲಿ’ ಒಂದು ಬಡ ಪುರೋಹಿತನ ಮನೆಯ ಕಥೆ. ಗೋಡೆ ಕುಸಿದ ಮನೆ, ಕದ್ದ ಪೇರಳೆಹಣ್ಣು, ಹರಿದ ಶಾಲು, ಒಂದು ಹಿತ್ತಾಳೆಯ ಚೊಂಬು. ಕಲ್ಕತ್ತೆಯ ಹತ್ತಿರದ ಬೊರಾಲ್ ಹಳ್ಳಿಯ ಪಾಳುಮನೆ ಕಥೆಗೆ ಬೇಕಾದುದೇ ಆಗಿತ್ತು. ಅದಕ್ಕಿಂತ ಒಳ್ಳೆಯದನ್ನು ಹಣ ಸುರಿದು ಕಟ್ಟಿದ್ದರೆ ಅದು ಕೆಟ್ಟದಾಗುತ್ತಿತ್ತು. ಇಲ್ಲಿ ತೆಗೆಯುವವರ ಅಭಾವವೂ ಕಥೆಯೊಳಗಿನ ಅಭಾವವೂ ಒಂದೇ ಅಳತೆಯವಾಗಿದ್ದವು. ಅಷ್ಟಾದರೂ ರಾತ್ರಿಯ ಒಳಾಂಗಣ ದೃಶ್ಯಗಳನ್ನು ಅವರು ಸ್ಟುಡಿಯೋದಲ್ಲೇ ತೆಗೆದರೆಂಬುದನ್ನು ಮರೆಯಬಾರದು. ಬೇಕಾದ ಕಡೆ ಸ್ಟುಡಿಯೋ ಬೇಡವೆಂಬ ವ್ರತವನ್ನೇನೂ ಅವರು ಹಿಡಿದಿರಲಿಲ್ಲ. ಇದೇ ನಿರ್ದೇಶಕ ೧೯೭೭ರಲ್ಲಿ ‘ಶತರಂಜ್ ಕೇ ಖಿಲಾಡಿ’ಯಲ್ಲಿ ಅವಧದ ನವಾಬನ ಆಸ್ಥಾನವನ್ನು ತೋರಿಸಬೇಕಾದಾಗ ಧಾರಾಳವಾಗಿಯೇ ಖರ್ಚು ಮಾಡಿದರು. ನವಾಬನಿಗೆ ಹರಿದ ಶಾಲು ಹೊದಿಸಿ ಸರಳತೆ ಎನ್ನಲಾಗುತ್ತದೆಯೇ?

ನಮ್ಮ ಯಕ್ಷಗಾನದವರು ‘ರಥ’ವೆಂದು ಕರೆಯುವ ಒಂದೇ ಪೀಠ ಸಿಂಹಾಸನವೂ ಆಗುತ್ತದೆ, ರಥವೂ ಆಗುತ್ತದೆ. ಅದು ಬಡತನದ ಉಪಾಯವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಅದೇ ವೇಷಧಾರಿಯ ಕಿರೀಟ, ಭುಜಕೀರ್ತಿ, ಎದೆಪದಕಗಳಲ್ಲಿ ಒಂದನ್ನಾದರೂ ಕಡಿಮೆ ಮಾಡಿರಿ ನೋಡೋಣ! ಭಾಗವತರು ಚಂಡೆ ನಿಲ್ಲಿಸಿ ಎದ್ದುಹೋದಾರು. ಎಲ್ಲಿ ಬಿಡಬಹುದು, ಎಲ್ಲಿ ಬಿಡಲಾಗದು ಎಂಬ ಅರಿವೇ ಅಲ್ಲಿ ಕೆಲಸ ಮಾಡಿರುವುದು.

ಆ ಅರಿವಿದ್ದಾಗ ಇಕ್ಕಟ್ಟು ಎಂಥದನ್ನು ಹುಟ್ಟಿಸೀತೆಂಬುದಕ್ಕೆ ‘ಅಪರಾಜಿತೊ’ (೧೯೫೬) ಸಾಕ್ಷಿ. ಕಾಶಿಯ ಮನೆಯ ಅಂಗಳವನ್ನು ಕಲ್ಕತ್ತೆಯ ಸ್ಟುಡಿಯೋದಲ್ಲಿ ಕಟ್ಟಬೇಕಾಯಿತು. ಮೇಲೆ ತೆರೆದ ಅಂಥ ಅಂಗಳಕ್ಕೆ ಆಕಾಶದಿಂದ ಇಳಿಯುವ ನೆರಳಿಲ್ಲದ ಮೆತ್ತನೆಯ ಬೆಳಕನ್ನು ತರುವುದು ಹೇಗೆ? ಸುಬ್ರತ ಮಿತ್ರ ಅಂಗಳದ ಮೇಲೆ ಬಿಳಿಯ ಬಟ್ಟೆಯನ್ನು ಬಿಗಿದು, ದೀಪಗಳನ್ನು ಅದಕ್ಕೆ ತಿರುಗಿಸಿ, ಮರಳಿ ಬೀಳುವ ಬೆಳಕಿನಲ್ಲಿ ಚಿತ್ರಿಸಿದ. ಇಂದು ಎಲ್ಲರೂ ಮಾಡುವ ಕೆಲಸ. ಅಂದು ಎಂಥ ಸಾಹಸ! ಸ್ಟುಡಿಯೋದಲ್ಲಿ ಬೇಕಾದಷ್ಟು ದೊಡ್ಡ ದೀಪಗಳಿದ್ದವು. ಕೊರತೆಯಿದ್ದುದು ಕಾಶಿಯ ಬೆಳಕಿಗೆ. ಅದನ್ನು ಮೊದಲು ಕಣ್ಣಾರೆ ಕಂಡವನಿಗೆ ಮಾತ್ರ ಅದು ಇಲ್ಲವೆಂದು ಅನ್ನಿಸೀತು. ಇದರ ಪಕ್ಕದಲ್ಲಿ ೧೯೬೯ರ ‘ಗೂಪಿ ಗಾಯೇನ್ ಬಾಘಾ ಬಾಯೇನ್’ ಇಡಿರಿ. ರಾಯ್ ಅದನ್ನು ವರ್ಣದಲ್ಲಿ ತೆಗೆಯಬೇಕೆಂದಿದ್ದರು. ಹಣ ಸಾಲದೆ ಕೊನೆಯ ದೃಶ್ಯಕ್ಕೆ ಮಾತ್ರ ಬಣ್ಣ ಬಂತು. ಕೊನೆಗೆ ಬಣ್ಣ ಅರಳುವುದರಲ್ಲಿ ಗೂಢಾರ್ಥ ಹುಡುಕುವವರಿದ್ದಾರೆ. ನಾನು ಆ ಪಕ್ಷದವನಲ್ಲ. ಮಕ್ಕಳ ಮಾಯಾಲೋಕದ ಕಥೆಗೆ ಬಣ್ಣ ಬೇಕಿತ್ತು, ಸಿಕ್ಕಲಿಲ್ಲ.

ಇದೆಲ್ಲಕ್ಕಿಂತ ಕಟುವಾದ ಉದಾಹರಣೆ ಅದೇ ಕಲ್ಕತ್ತೆಯಲ್ಲಿದೆ. ರಾಯ್ ಕಾಶದ ಬಯಲಿಗೆ ಹೊರಟ ೧೯೫೨ರಲ್ಲೇ ಋತ್ವಿಕ್ ಘಟಕ್ ‘ನಾಗರಿಕ್’ ಎಂಬ ತಮ್ಮ ಮೊದಲ ಚಿತ್ರವನ್ನು ಮುಗಿಸಿದ್ದರು. ಕೆಲಸಕ್ಕಾಗಿ ಅಲೆಯುವ ರಾಮು ಎಂಬ ತರುಣ, ಕೆಳ ಮಧ್ಯಮವರ್ಗದ ಅವನ ಮನೆ, ಕುಸಿಯುತ್ತಿರುವ ಆಸೆ. ಅದೇ ನಗರ, ಅದೇ ಕಾಲ, ಅದೇ ಬರಿಗೈ. ಆ ಚಿತ್ರ ಡಬ್ಬಿಯಲ್ಲೇ ಕೊಳೆಯಿತು. ಬಿಡುಗಡೆಯಾದದ್ದು ೧೯೭೭ರಲ್ಲಿ, ಘಟಕ್ ತೀರಿಕೊಂಡದ್ದು ೧೯೭೬ರಲ್ಲಿ. ಅಭಾವ ಕಲೆಯ ತಾಯಿಯೆಂದು ಹೇಳುವವರು ಈ ಮಗುವನ್ನು ಯಾವ ತಾಯಿ ಕೊಂದಳೆಂದು ಹೇಳಬೇಕು. ‘ನಾಗರಿಕ್’ ೧೯೫೩ರಲ್ಲೇ ತೆರೆಗೆ ಬಂದಿದ್ದರೆ ನಮ್ಮ ಸಿನಿಮಾ ಚರಿತ್ರೆಯ ಮೊದಲ ಪುಟ ಬೇರೆಯಾಗಿರುತ್ತಿತ್ತೆಂದು ಅನೇಕ ವಿಮರ್ಶಕರ ಮತ. ಬರಿಗೈಯಲ್ಲಿ ಗೆದ್ದವರನ್ನು ಮಾತ್ರ ನಾವು ಸಭೆಗೆ ಕರೆಯುತ್ತೇವೆ. ಸೋತವರ ಚಿತ್ರಗಳು ತೋರಿಸಲು ಸಿಗುವುದೇ ಇಲ್ಲ.

ಕನ್ನಡದ ಮಾತು. ೧೯೭೦ರ ‘ಸಂಸ್ಕಾರ’ವನ್ನು ಇದೇ ಪಂಕ್ತಿಯಲ್ಲಿ ಕೂರಿಸುವುದು ವಾಡಿಕೆ. ಪಟ್ಟಾಭಿರಾಮ ರೆಡ್ಡಿಯವರು ಅನಂತಮೂರ್ತಿಯವರ ಕಾದಂಬರಿಯನ್ನು ಹಿಡಿದು ಶೃಂಗೇರಿಯ ಸಮೀಪದ ವೈಕುಂಠಪುರಕ್ಕೆ ಹೋದರು. ಗಿರೀಶ ಕಾರ್ನಾಡರು ಚಿತ್ರಕಥೆ ಬರೆದು ತಾವೇ ಪ್ರಾಣೇಶಾಚಾರ್ಯರಾದರು, ಲಂಕೇಶರು ನಾರಣಪ್ಪನಾದರು, ಸ್ನೇಹಲತಾ ರೆಡ್ಡಿ ಚಂದ್ರಿಯಾದರು, ಆಸ್ಟ್ರೇಲಿಯದ ಟಾಮ್ ಕೋವನ್ ಕ್ಯಾಮರಾ ಹಿಡಿದರು, ರಾಜೀವ ತಾರಾನಾಥರು ಸಂಗೀತ ಕೊಟ್ಟರು. ಸಾಹಿತಿಗಳೂ ರಂಗಭೂಮಿಯ ಹವ್ಯಾಸಿಗಳೂ ಕೂಡಿ ಮಾಡಿದ ಈ ಕೆಲಸವನ್ನು ಸೆನ್ಸಾರ್ ಮಂಡಲಿ ಮೊದಲು ತಡೆಹಿಡಿಯಿತು, ಆಮೇಲೆ ಅದೇ ಚಿತ್ರ ವರ್ಷದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆಯಿತು. ಕನ್ನಡಕ್ಕೆ ಅದು ಮೊದಲನೆಯದು. ಅಗ್ರಹಾರದ ಜಗುಲಿಗಳು, ಶವ ಎತ್ತುವವರೆಗೆ ಊಟವಿಲ್ಲದೆ ಕುಳಿತ ಬ್ರಾಹ್ಮಣರ ಮುಖಗಳು—ಇವು ಸ್ಟುಡಿಯೋದ ರಟ್ಟಿನ ಗೋಡೆಗಳ ನಡುವೆ ಹುಟ್ಟುವಂಥವಲ್ಲ. ಇಲ್ಲಿಯೂ ಕಥೆಯ ಬರಡುತನಕ್ಕೂ ಚಿತ್ರದ ಮಿತವ್ಯಯಕ್ಕೂ ಹೊಂದಿಕೆಯಾಯಿತು. ಆದರೆ ಕಾದಂಬರಿಯಲ್ಲಿ ಆಚಾರ್ಯರ ಅಂತರಂಗದಲ್ಲಿ ನಡೆಯುವ ತರ್ಕ ತೆರೆಯ ಮೇಲೆ ಸೊರಗಿದೆ ಎಂಬ ನನ್ನ ದೂರು ಹಳೆಯದು. ಹತ್ತು ಪಟ್ಟು ಹಣವಿದ್ದರೂ ಅದು ಪರಿಹಾರವಾಗುತ್ತಿರಲಿಲ್ಲ. ಹಣವಿಲ್ಲದ್ದರಿಂದಲೂ ಆಗಲಿಲ್ಲ.

ಈಗ ಕಾಲ ಬೇರೆ. ಅಂದು ಕಚ್ಚಾ ಫಿಲಂ ಅಡಿಯ ಲೆಕ್ಕದಲ್ಲಿ ಖರ್ಚಾಗುತ್ತಿತ್ತು; ಗುಂಡಿ ಒತ್ತುವ ಮೊದಲು ಹತ್ತು ಸಲ ಯೋಚಿಸಬೇಕಾಗಿತ್ತು. ರಾಯ್ ದೃಶ್ಯ ದೃಶ್ಯವನ್ನೂ ಮೊದಲೇ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದರು. ಇಂದು ಜೇಬಿನಲ್ಲಿರುವ ಫೋನೇ ಕ್ಯಾಮರಾ. ದಿನವಿಡೀ ತೆಗೆದರೂ ಫಿಲಮ್ಮಿನ ಖರ್ಚಿಲ್ಲ. ಉಪಕರಣ ಅಗ್ಗವಾದ ಮೇಲೆ ಉಳಿದ ದೊಡ್ಡ ವೆಚ್ಚವೆಂದರೆ ಮನುಷ್ಯರ ದುಡಿಮೆ. ಆದ್ದರಿಂದ ‘ಕಡಮೆ ಖರ್ಚಿನ ಚಿತ್ರ’ ಎಂದರೆ ಈಗ ಅನೇಕ ವೇಳೆ ಯಾರದೋ ಕೂಲಿಯನ್ನು ಕೊಡದ ಚಿತ್ರವೆಂದೇ ಅರ್ಥ. ಅಂಥ ಚಿತ್ರದ ಪ್ರಶಂಸೆಗೆ ಸತ್ಯಜಿತ್ ರಾಯ್ ಅವರ ಹೆಸರನ್ನು ಎಳೆದು ತರುವುದು ನನಗೆ ಸರಿದೋರದು.

ನನ್ನ ವಿದ್ಯಾರ್ಥಿಗೆ ಅಂದು ಇಷ್ಟನ್ನೆಲ್ಲ ಹೇಳಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು. ಚುನೀಬಾಲಾ ದೇವಿಯ ೨೦ ರೂಪಾಯಿಯ ಮಾತನ್ನು ಮಾತ್ರ ಹೇಳಿದೆ. ಅವನು ಸುಮ್ಮನೆ ಕೇಳಿಕೊಂಡು ಹೋದ. ಮೊನ್ನೆ ಮತ್ತೆ ಮನೆಗೆ ಬಂದಿದ್ದ. ಚಿತ್ರೀಕರಣವನ್ನು ಎರಡು ತಿಂಗಳು ನಿಲ್ಲಿಸಿ, ಟ್ಯೂಷನ್ ಹೇಳಿದ ಹಣದಲ್ಲಿ ಮರಗೆಲಸದ ಹುಡುಗನ ಬಾಕಿಯನ್ನು ತೀರಿಸಿದನಂತೆ. ಅಷ್ಟರಲ್ಲಿ ಸೋದರಮಾವ ಮನೆಗೆ ಸುಣ್ಣ ಬಳಿಸಿಬಿಟ್ಟಿದ್ದಾನೆ. ಮೊದಲು ತೆಗೆದ ದೃಶ್ಯಗಳಲ್ಲಿ ಗೋಡೆ ಮಾಸಲಾಗಿದೆ, ಇನ್ನು ಮುಂದಿನದರಲ್ಲಿ ಬೆಳ್ಳಗಿರುತ್ತದೆ. “ಏನು ಮಾಡಲಿ ಸಾರ್?” ಎಂದು ಕೇಳಿದ. ನಮ್ಮ ಮನೆಯಾಕೆ ಒಳಗಿನಿಂದ ಕಾಫಿ ತಂದಿಟ್ಟಳು. ಕಥೆಯಲ್ಲಿ ಒಂದು ಹಬ್ಬವನ್ನು ಸೇರಿಸಿಕೊಂಡರೆ ಹೇಗೆಂದು ಅವನೇ ಲೆಕ್ಕ ಹಾಕುತ್ತಿದ್ದ.